ಆಕಾಶದ ಕಣ್ಣಿಗೂ ಒಂದು ಮರ್ಯಾದೆ

ಜೇವರ್ಗಿ ತಾಲ್ಲೂಕಿನ ನೆಲೋಗಿಯ ಸೀಮೆಯಲ್ಲಿ ಚಪ್ಪಟೆ ಮಾಳಿಗೆಯ ಮನೆಗಳು ಸಾಮಾನ್ಯ. ಬೇಸಗೆಯಲ್ಲಿ ಜನರು ಮಾಳಿಗೆಯ ಮೇಲೆಯೇ ಮಲಗುವುದುಂಟು. ದಾರಿಹೋಕನ ದೃಷ್ಟಿಯನ್ನು ಗೋಡೆಯು ತಡೆಯಬಲ್ಲದು. ಮೇಲೆ ಹಾರುವ ಡ್ರೋನಿನ ಕ್ಯಾಮೆರಾವನ್ನು ತಡೆಯಲಾರದು.

ಹಾಗೆಂದು ಆ ಯಂತ್ರವನ್ನೇ ದೂರವಿಡಬೇಕೆ? ಬೇಕಿಲ್ಲ. 2020ರ ಏಪ್ರಿಲ್ 24ರಂದು ಆರಂಭವಾದ ‘ಸ್ವಾಮಿತ್ವ’ ಯೋಜನೆಯಲ್ಲಿ ಗ್ರಾಮಗಳ ಮನೆ-ನಿವೇಶನಗಳನ್ನು ಅಳೆಯುವುದು ಡ್ರೋನೇ. ಮೊದಲು ಸುಣ್ಣದಿಂದ ಎಲ್ಲೆಯನ್ನು ಗುರುತಿಸಿ, ಬಳಿಕ ಮೇಲಿನಿಂದ ಚಿತ್ರ ತೆಗೆಯುವರು. ಇಲ್ಲಿ ಬೇಕಾದುದು ಗೋಡೆಯ ಚಿತ್ರವೇ ಹೊರತು ಮುಖದ ಚಿತ್ರವಲ್ಲ. ಇವೆರಡನ್ನು ಬೇರ್ಪಡಿಸಬಹುದೆ?

ಡಿಜಿಟಲ್ ಚಿತ್ರವೆಂಬುದು ಚುಕ್ಕೆಗಳ ಸಮೂಹ. 120 ಮೀಟರ್ ಎತ್ತರದಿಂದ ಒಂದು ಚುಕ್ಕೆಯು ನೆಲದ ಮೇಲಿನ 5 ಸೆಂಟಿಮೀಟರನ್ನು ಆವರಿಸುವುದೆಂದು ಭಾವಿಸೋಣ. 40 ಸೆಂಟಿಮೀಟರ್ ದಪ್ಪದ ಗೋಡೆಗೆ 8 ಚುಕ್ಕೆಗಳು ದೊರೆಯುವುವು, ಎಲ್ಲೆಯು ಸ್ಪಷ್ಟ. 15 ಸೆಂಟಿಮೀಟರ್ ಅಗಲದ ಮುಖಕ್ಕೆ ಮೂರೇ ಚುಕ್ಕೆ, ಗುರುತು ಹತ್ತದು. ಅದೇ ಮಸೂರದೊಡನೆ ಡ್ರೋನು 30 ಮೀಟರಿಗೆ ಇಳಿದರೆ ಮುಖಕ್ಕೆ 12 ಚುಕ್ಕೆಗಳಾಗಿ ಲಕ್ಷಣಗಳು ಮೂಡತೊಡಗುವುವು.

ಆದಕಾರಣ ಸೌಜನ್ಯದ ಡ್ರೋನನ್ನು ರೂಪಿಸುವವನು ಕಾರ್ಯಕ್ಕೆ ತಕ್ಕ ಎತ್ತರವನ್ನೂ ಮಸೂರವನ್ನೂ ಮೊದಲೇ ನಿಗದಿಮಾಡಬೇಕು. ಚಿತ್ರಿಸುವಾಗ ದೀಪವೊಂದು ಬೆಳಗಬೇಕು. ಮುಖ ಕಂಡರೆ, ಚಿತ್ರವನ್ನು ಸಂಗ್ರಹಿಸುವ ಮುನ್ನವೇ ಯಂತ್ರವು ಅದನ್ನು ಮಸುಕುಗೊಳಿಸಬೇಕು. ಹಾರುವ ದಿನವು ಊರಿಗೆ ಮುಂಚಿತವಾಗಿ ತಿಳಿದಿರಬೇಕು.

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಹಕ್ಕು ನ್ಯಾಯಾಲಯದಲ್ಲಿ ಮಾತ್ರವಲ್ಲ, ಮಸೂರದ ಆಯ್ಕೆಯಲ್ಲಿಯೂ ಉಳಿಯಬೇಕು.