ಮೆಣಸಿನ ಹೊಲವೇ ಪಾಠಶಾಲೆ

ಬ್ಯಾಡಗಿ ಮೆಣಸಿನಕಾಯಿಯ ಹೆಸರನ್ನು ಕೇಳದ ಕನ್ನಡಿಗರು ವಿರಳ. ಖಾರ ಕಡಿಮೆ, ಬಣ್ಣ ಹೆಚ್ಚು. ಒಣಗಿದ ಮೇಲೆ ಸಿಪ್ಪೆಯು ಸುಕ್ಕುಗಟ್ಟುವುದು. ಇವು ಅದರ ಗುರುತುಗಳು. ಇದರಲ್ಲಿ ಡಬ್ಬಿ ಮತ್ತು ಕಡ್ಡಿ ಎಂದು ಎರಡು ಬಗೆಗಳುಂಟು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮತ್ತು ನೆರೆಯ ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಇದನ್ನು ಬಹುಕಾಲದಿಂದ ಉಳ್ಳಾಗಡ್ಡಿ, ಹತ್ತಿಗಳ ಜೊತೆಗೆ ಬೆಳೆಯುತ್ತ ಬಂದಿದ್ದಾರೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು.

ಇಷ್ಟು ಹೆಸರಾದ ಬೆಳೆಯನ್ನು ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಜೀವಿಗಳು ಹಾಳುಮಾಡಬಲ್ಲವು. ಅವನ್ನು ಕೊಲ್ಲಲು ಹೊರಟ ರೈತನು ಎಷ್ಟೋ ಸಲ ಅವುಗಳ ಸಂಖ್ಯೆಯನ್ನು ತಾನೇ ಹೆಚ್ಚಿಸುತ್ತಾನೆ. ಇದು ಹೇಗೆ ಸಾಧ್ಯ? ಇದಕ್ಕೆ ಪರಿಹಾರವೇನು? ಈ ಪ್ರಶ್ನೆಗಳನ್ನು ನಾವು ಇಲ್ಲಿ ವಿಚಾರಿಸೋಣ.

ಎಲೆ ಮೇಲಕ್ಕೋ, ಕೆಳಕ್ಕೋ?

ಮೆಣಸಿನ ಗಿಡದ ಚಿಗುರೆಲೆಗಳು ಮುದುಡಿ, ಗಿಡವು ಕುಗ್ಗಿ ನಿಲ್ಲುವುದನ್ನು ಎಲೆ ಮುಟುರು ರೋಗವೆನ್ನುತ್ತಾರೆ. ಹೆಸರು ಒಂದಾದರೂ ಕಾರಣಗಳು ಹಲವು. ಎಲೆಯ ಅಂಚುಗಳು ಮೇಲಕ್ಕೆ ಮಡಿಚಿ ದೋಣಿಯಂತಾದರೆ ಅದು ಸಾಮಾನ್ಯವಾಗಿ ಥ್ರಿಪ್ಸ್ ನುಸಿಯ ಕೆಲಸ. ಅಂಚುಗಳು ಕೆಳಕ್ಕೆ ಮಡಿಚಿ, ಬೋರಲು ಹಾಕಿದ ದೋಣಿಯಂತಾದರೆ ಅದು ಮೈಟ್ ನುಸಿಯ ಕೆಲಸ. ಬಿಳಿನೊಣವು ಹರಡುವ ವೈರಸ್ಸಿನಿಂದಲೂ ಎಲೆಗಳು ಮುದುಡುವುದುಂಟು.

ಥ್ರಿಪ್ಸ್ ಆರು ಕಾಲಿನ ಕೀಟ. ಉದ್ದ ಸುಮಾರು 1 ಮಿಲಿಮೀಟರು. ಇದು ಎಲೆಯ ಒಳಪದರದಲ್ಲಿ ಮೊಟ್ಟೆಯನ್ನು ಹುದುಗಿಸಿಡುತ್ತದೆ. ಬಿಸಿಲು ಮತ್ತು ಒಣಹವೆ ಇದಕ್ಕೆ ಹಿತ. ಜೋರು ಮಳೆಯು ಇದನ್ನು ತೊಳೆದುಹಾಕುವುದು. ಮೈಟ್ ಕೀಟವೇ ಅಲ್ಲ. ಬೆಳೆದ ಮೈಟ್‌ಗೆ ಎಂಟು ಕಾಲುಗಳು. ಜೇಡ, ಉಣ್ಣೆಗಳ ಬಂಧು ಅದು. ಮೆಣಸಿಗೆ ಬೀಳುವ ಹಳದಿ ಮೈಟ್ 1 ಮಿಲಿಮೀಟರಿನ ಐದನೆಯ ಒಂದು ಪಾಲಿನಷ್ಟು ಮಾತ್ರ ಇರುವುದು. ತೇವವಿರುವ ಬೆಚ್ಚನೆಯ ಹವೆಯಲ್ಲಿ ಅದರ ಒಂದು ಪೀಳಿಗೆಯು ಒಂದು ವಾರದೊಳಗೇ ಮುಗಿಯುತ್ತದೆ.

ಈ ಭೇದವು ಬರಿಯ ಪುಸ್ತಕದ ವಿಷಯವಲ್ಲ. ಕೀಟವನ್ನು ಕೊಲ್ಲುವ ಅನೇಕ ಔಷಧಿಗಳು ಮೈಟನ್ನು ಕೊಲ್ಲಲಾರವು. ಹಾಗಿರುವಾಗ ಕೆಳಕ್ಕೆ ಮುದುಡಿದ ಎಲೆಯನ್ನು ಕಂಡು ಥ್ರಿಪ್ಸಿನ ಔಷಧಿಯನ್ನು ಹೊಡೆದರೆ ಹಣವೂ ಹೋಯಿತು, ರೋಗವೂ ಉಳಿಯಿತು. ಅಷ್ಟೇ ಅಲ್ಲದೆ, ಹಾನಿಕರ ಮೈಟನ್ನು ತಿಂದು ಬದುಕುವ ಪರಭಕ್ಷಕ ಮೈಟ್‌ಗಳು ಕೆಲವು ಔಷಧಿಗಳಿಂದ ಸಾಯುತ್ತವೆ. ಆಗ ಹಾನಿಕರ ಮೈಟ್‌ಗೆ ತಡೆಯೇ ಇಲ್ಲದಂತಾಗುವುದು. ರೋಗವು ಸಿಂಪರಣೆಯ ನಂತರ ಹೆಚ್ಚಾಯಿತೆಂದು ರೈತರು ಹೇಳುವುದರಲ್ಲಿ ಸತ್ಯವಿದೆ.

ಔಷಧಿಯು ಸೋಲುವುದೇಕೆ?

ಒಂದು ಲೆಕ್ಕವನ್ನು ಮಾಡಿ ನೋಡೋಣ. ಹೊಲದಲ್ಲಿ 10,000 ಥ್ರಿಪ್ಸ್ ಇವೆ ಎಂದು ಊಹಿಸೋಣ. ಅವುಗಳಲ್ಲಿ 10 ಮಾತ್ರ ಹುಟ್ಟಿನಿಂದಲೇ ಒಂದು ವಿಷವನ್ನು ತಾಳಿಕೊಳ್ಳಬಲ್ಲವು. ಔಷಧಿ ಹೊಡೆದಾಗ 9,990 ಸತ್ತುವು. ರೈತನಿಗೆ ಸಂತೋಷ. ಆದರೆ ಆ ವಿಷಕ್ಕೆ ಗುಲಗಂಜಿ ಹುಳು, ಜೇಡ ಮೊದಲಾದ ಮಿತ್ರಜೀವಿಗಳೂ ಬಲಿಯಾದವು. ಉಳಿದ 10 ಥ್ರಿಪ್ಸ್ ಪೀಳಿಗೆಗೆ ಹತ್ತು ಪಟ್ಟು ಹೆಚ್ಚಿದರೆ 100, 1,000, 10,000 ಎಂದು ಮೂರೇ ಪೀಳಿಗೆಗಳಲ್ಲಿ ಮೊದಲಿನ ಸಂಖ್ಯೆಯನ್ನು ಮುಟ್ಟುವುವು. ಒಂದು ಪೀಳಿಗೆಗೆ ಎರಡು ಮೂರು ವಾರ ಸಾಕು. ಆದ್ದರಿಂದ ಇದಕ್ಕೆ ಎರಡು ತಿಂಗಳಿಗಿಂತ ಹೆಚ್ಚು ಕಾಲ ಬೇಡ. ಆದರೆ ಈಗಿನ 10,000 ಹಿಂದಿನ 10,000ದಂತಲ್ಲ; ಇವುಗಳಲ್ಲಿ ಬಹುಪಾಲು ವಿಷವನ್ನು ಗೆದ್ದವುಗಳ ಸಂತತಿ. ಅದೇ ಔಷಧಿಯನ್ನು ಮತ್ತೆ ಹೊಡೆದರೆ ಫಲವೇನು?

2015ರಲ್ಲಿ ಬೆಂಗಳೂರಿನ ಪಪ್ಪಾಯಿ ಗಿಡಗಳ ಮೇಲೆ ಕಾಣಿಸಿಕೊಂಡ ಥ್ರಿಪ್ಸ್ ಪಾರ್ವಿಸ್ಪೈನಸ್ ಎಂಬ ಹೊರನಾಡಿನ ಜಾತಿಯು 2021ರಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕಗಳ ಮೆಣಸಿನ ಹೊಲಗಳಿಗೆ ದೊಡ್ಡ ಪ್ರಮಾಣದಲ್ಲಿ ನುಗ್ಗಿತು. ಇದು ಎಲೆಗಿಂತ ಹೆಚ್ಚಾಗಿ ಹೂವಿನೊಳಗೆ ಸೇರಿಕೊಳ್ಳುವುದು. ಹೂವು ಉದುರಿದರೆ ಕಾಯಿ ಎಲ್ಲಿಯದು? ಗಾಬರಿಗೊಂಡ ರೈತರು ಒಂದರ ಮೇಲೊಂದು ಔಷಧಿಯನ್ನು ಹೊಡೆದರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇದನ್ನು ‘ಎಣ್ಣೆ ಹೊಡೆಯುವುದು’ ಎನ್ನುತ್ತಾರೆ. ಆ ಎಣ್ಣೆಗೆಂದು ಮಾಡಿದ ಸಾಲವು ಮಾರುಕಟ್ಟೆಯ ಬೆಲೆಯನ್ನು ಕಾಯುವುದಿಲ್ಲ.

ಇನ್ನೊಂದು ಅಪಾಯವೂ ಉಂಟು. ಬ್ಯಾಡಗಿ ಮೆಣಸಿನಕಾಯಿಯಿಂದ ಓಲಿಯೋರೆಸಿನ್ ಎಂಬ ಕೆಂಪು ಸಾರವನ್ನು ತೆಗೆದು, ಆಹಾರಕ್ಕೆ ಬಣ್ಣ ಕೊಡಲು ಹೊರದೇಶಗಳಿಗೆ ಕಳುಹಿಸುತ್ತಾರೆ. ಹಲವು ಕಿಲೋಗ್ರಾಂ ಕಾಯಿಯಿಂದ ಒಂದು ಕಿಲೋಗ್ರಾಂ ಸಾರ ದೊರೆಯುವುದು. ಬಣ್ಣದೊಂದಿಗೆ, ಜಿಡ್ಡಿನಲ್ಲಿ ಕರಗುವ ವಿಷಗಳ ಶೇಷವೂ ಸಾರದಲ್ಲಿ ಸಾಂದ್ರವಾಗುತ್ತದೆ. ಮಿತಿ ಮೀರಿದ ಸರಕನ್ನು ಕೊಳ್ಳುವವರು ತಿರಸ್ಕರಿಸುವರು.

ಹೊಲದಲ್ಲಿ ನಡೆಯುವ ಶಾಲೆ

ಇದೇ ಸಂಕಟವನ್ನು ಇಂಡೋನೇಷ್ಯವು ಭತ್ತದಲ್ಲಿ ಅನುಭವಿಸಿತು. ಅಲ್ಲಿ ಸರ್ಕಾರವು ಕೀಟನಾಶಕದ ಬೆಲೆಯ ಬಹುಪಾಲನ್ನು ತಾನೇ ಭರಿಸುತ್ತಿತ್ತು. ಸಿಂಪರಣೆ ಹೆಚ್ಚಿದಂತೆ ಕಂದು ಜಿಗಿಹುಳುವಿನ ಹಾವಳಿಯೂ ಹೆಚ್ಚಿತು. ಅದನ್ನು ತಿನ್ನುವ ಜೇಡಗಳು ಮೊದಲೇ ಸತ್ತಿದ್ದುವು. 1986ರಲ್ಲಿ ಅಲ್ಲಿಯ ರಾಷ್ಟ್ರಾಧ್ಯಕ್ಷರ ಆಜ್ಞೆಯಂತೆ 57 ಔಷಧಿಗಳನ್ನು ಭತ್ತದ ಮೇಲೆ ಬಳಸುವುದು ನಿಷಿದ್ಧವಾಯಿತು. 1989ರಲ್ಲಿ ‘ರೈತ ಕ್ಷೇತ್ರ ಪಾಠಶಾಲೆ’ಗಳು ಆರಂಭವಾದವು.

ಈ ಶಾಲೆಗೆ ಗೋಡೆಯಿಲ್ಲ, ಹಲಗೆಯಿಲ್ಲ. ಸುಮಾರು 25 ರೈತರು ವಾರಕ್ಕೊಮ್ಮೆ ಒಂದೇ ಹೊಲದಲ್ಲಿ, ಬಿತ್ತನೆಯಿಂದ ಕೊಯ್ಲಿನವರೆಗೆ ಕೂಡುವರು. ಒಂದು ತುಂಡಿನಲ್ಲಿ ವಾಡಿಕೆಯ ಸಿಂಪರಣೆ. ಇನ್ನೊಂದರಲ್ಲಿ ಅಗತ್ಯ ಕಂಡಾಗ ಮಾತ್ರ. ನಾಲ್ಕೈದು ಮಂದಿಯ ಗುಂಪುಗಳು ಗಿಡಗಳನ್ನು ಪರೀಕ್ಷಿಸಿ, ದೊಡ್ಡ ಕಾಗದದ ನಡುವೆ ಗಿಡವನ್ನೂ ಒಂದು ಪಕ್ಕದಲ್ಲಿ ಶತ್ರುಗಳನ್ನೂ ಇನ್ನೊಂದು ಪಕ್ಕದಲ್ಲಿ ಮಿತ್ರರನ್ನೂ ಬರೆದು, ಲೆಕ್ಕ ಹಾಕಿ, ಈ ವಾರ ಏನು ಮಾಡತಕ್ಕದ್ದೆಂದು ತಾವೇ ನಿಶ್ಚಯಿಸುವರು. ಶಿಕ್ಷಕನು ಉತ್ತರ ಹೇಳುವುದಿಲ್ಲ, ಪ್ರಶ್ನೆ ಕೇಳುತ್ತಾನೆ.

ಈ ಪದ್ಧತಿಯು ಮೆಣಸಿನ ದಾಯಾದಿಯಾದ ಆಲೂಗಡ್ಡೆಗೂ ಹಬ್ಬಿತು. ಧಾರವಾಡದ ಕಡೆ ಬಟಾಟೆ ಎನಿಸಿಕೊಳ್ಳುವ ಇದೂ, ಮೆಣಸೂ ಬದನೆಯ ಕುಟುಂಬಕ್ಕೆ ಸೇರಿದವು. ಎರಡರ ತವರೂ ಅಮೆರಿಕ ಖಂಡ. 1845ರಿಂದ ಐರ್ಲೆಂಡಿನಲ್ಲಿ ಕ್ಷಾಮವನ್ನು ತಂದ ಅಂಗಮಾರಿ ರೋಗವು ಇಂದಿಗೂ ಆಲೂಗಡ್ಡೆಯ ಮಹಾಶತ್ರು. ನಮ್ಮ ಹಾಸನದ ರೈತರೂ ಅದರಿಂದ ನೊಂದವರೇ. ಪೆರು ದೇಶದ ಲಿಮಾ ನಗರದಲ್ಲಿರುವ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರವು 1990ರ ದಶಕದ ಕೊನೆಯಲ್ಲಿ ಅಲ್ಲಿಯ ಬೆಟ್ಟದ ರೈತರಿಗಾಗಿ ಇಂಥ ಶಾಲೆಗಳಲ್ಲಿ ತೊಡಗಿತು. ಮಳೆ ಮಂಜುಗಳೇ ರೋಗವೆಂದು ನಂಬಿದ್ದವರಿಗೆ, ರೋಗದ ಎಲೆಯನ್ನು ತೇವದ ಪಾತ್ರೆಯಲ್ಲಿಟ್ಟು, ಅದರ ಮೇಲೆ ಬಿಳಿಯ ಬೂಷ್ಟು ಬೆಳೆಯುವುದನ್ನು ತೋರಿಸುವುದು ಅಲ್ಲಿಯ ಒಂದು ಪಾಠ. ಮಳೆಯು ನೆಪ, ಜೀವಿಯು ಕಾರಣ ಎಂಬುದು ಹೀಗೆ ಕಣ್ಣಾರೆ ತಿಳಿಯುವುದು.

ಮಣ್ಣಿನ ಪಾಲು

ಗಿಡದ ಆರೋಗ್ಯವು ಬೇರಿನಿಂದ ಆರಂಭವಾಗುವುದು. ಯೂರಿಯವನ್ನು ಅತಿಯಾಗಿ ಹಾಕಿದರೆ ಗಿಡವು ಮೃದುವಾದ, ರಸಭರಿತ ಚಿಗುರನ್ನು ಬಿಡುವುದು. ರಸ ಹೀರುವ ಜೀವಿಗಳಿಗೆ ಇದೇ ಔತಣ. ಕೊಟ್ಟಿಗೆ ಗೊಬ್ಬರ, ಎರೆಹುಳು ಗೊಬ್ಬರಗಳು ಸಾರಜನಕವನ್ನು ನಿಧಾನವಾಗಿ ಒದಗಿಸುವುದಲ್ಲದೆ, ಬೇಸಿಗೆಯಲ್ಲಿ ಬಾಯಿಬಿಡುವ ಎರೆಮಣ್ಣಿನ ಕಣಗಳನ್ನು ಹುಡಿಯಾಗಿ ಕೂಡಿಸಿ, ನೀರು ಗಾಳಿಗಳಿಗೆ ದಾರಿ ಮಾಡುತ್ತವೆ.

ಬೆಳೆಯ ಸರದಿಯೂ ಮುಖ್ಯ. ಬದನೆ, ಟೊಮೇಟೊ, ಆಲೂಗಡ್ಡೆಗಳ ಹಿಂದೆಯೇ ಮೆಣಸನ್ನು ಹಾಕಿದರೆ, ಬೇರುಗಂಟು ಜಂತು ಮತ್ತು ಸೊರಗು ರೋಗದ ಬ್ಯಾಕ್ಟೀರಿಯಗಳಿಗೆ ಊಟ ತಪ್ಪುವುದೇ ಇಲ್ಲ. ನಡುವೆ ಜೋಳವನ್ನೋ ಗೋವಿನಜೋಳವನ್ನೋ ಬೆಳೆಯುವುದು ಲೇಸು. ಹೊಲದ ಸುತ್ತ ಗೋವಿನಜೋಳದ ಸಾಲುಗಳಿದ್ದರೆ, ಗಾಳಿಯಲ್ಲಿ ತೇಲಿ ಬರುವ ಕೀಟಗಳಿಗೆ ಅಷ್ಟುಮಟ್ಟಿಗೆ ತಡೆಯಾಗುವುದು. ಆರಂಭದ ಹಂತದಲ್ಲಿ ಶೇಕಡ 5ರ ಬೇವಿನ ಬೀಜದ ಕಷಾಯವು ಸಹಾಯಕ. ಇಷ್ಟಾದರೂ ನುಸಿಯು ಮಿತಿ ಮೀರಿದರೆ, ಯಾವ ನುಸಿಯೆಂದು ಗುರುತಿಸಿ, ಅದಕ್ಕೆ ತಕ್ಕ ಔಷಧಿಯನ್ನು ತಕ್ಕ ಪ್ರಮಾಣದಲ್ಲಿ ಬಳಸಬೇಕು. ಪ್ರತಿ ಸಲವೂ ಒಂದೇ ಗುಂಪಿನ ಔಷಧಿಯನ್ನು ಬಳಸಬಾರದು. ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವು ರೈತರಿಗೆ ತರಬೇತಿ ಕೊಡುವುದಕ್ಕಾಗಿಯೇ ಇರುವ ಸಂಸ್ಥೆ.

ವಿದ್ಯಾರ್ಥಿಗಳು ಮಾಡಬಹುದಾದ ಪ್ರಯೋಗಗಳು

1. ಔಷಧಿ ಹೊಡೆಯದ ಮೆಣಸಿನ ಗಿಡದ ಚಿಗುರನ್ನು ಬಿಳಿಯ ಕಾಗದದ ಮೇಲೆ ಮೆಲ್ಲನೆ ತಟ್ಟಿರಿ. ಬಿದ್ದ ಜೀವಿಗಳನ್ನು ಭೂತಗನ್ನಡಿಯಿಂದ ನೋಡಿ ಎಣಿಸಿರಿ. ಹತ್ತು ಗಿಡಗಳ ಸರಾಸರಿಯನ್ನು ಪ್ರತಿ ವಾರವೂ ಬರೆದಿಡಿರಿ.

2. ಹೇನು ಹತ್ತಿದ ಒಂದು ಚಿಗುರಿನಲ್ಲಿ 20 ಹೇನುಗಳನ್ನು ಉಳಿಸಿ, ಅದನ್ನು ಗಾಜಿನ ಸೀಸೆಯಲ್ಲಿಟ್ಟು, ಒಂದು ಗುಲಗಂಜಿ ಹುಳುವನ್ನು ಬಿಡಿರಿ. ಬಾಯಿಗೆ ತೆಳುಬಟ್ಟೆಯನ್ನು ಕಟ್ಟಿರಿ. ಮರುದಿನ ಎಷ್ಟು ಹೇನುಗಳು ಉಳಿದಿವೆ? ಹುಳುವನ್ನು ಬಿಡದ ಇನ್ನೊಂದು ಸೀಸೆಯ ಲೆಕ್ಕದೊಡನೆ ಹೋಲಿಸಿರಿ.

3. ಬದುವಿನ ಹುಲ್ಲಿನ ಬುಡದಿಂದ ಒಂದು, ಪದೇ ಪದೇ ಉತ್ತ ಹೊಲದಿಂದ ಒಂದು ಒಣ ಹೆಂಟೆಯನ್ನು ತಂದು, ಎರಡು ಲೋಟ ನೀರಿನಲ್ಲಿ ಮೆಲ್ಲನೆ ಇಳಿಸಿರಿ. ಯಾವುದು ಬೇಗ ಕುಸಿಯುವುದು? ಏಕೆ?

ಈ ಮೂರಕ್ಕೂ ಬೆಲೆಬಾಳುವ ಉಪಕರಣ ಬೇಡ. ನೋಡುವ ಕಣ್ಣು ಮತ್ತು ಬರೆದಿಡುವ ತಾಳ್ಮೆ ಸಾಕು. ನಮ್ಮ ವಾಚಕರಲ್ಲಿ ಅನೇಕರು ರೈತರ ಮಕ್ಕಳು. ಈ ಸಲ ಊರಿಗೆ ಹೋದಾಗ ತಂದೆಯವರೊಡನೆ ಹೊಲಕ್ಕೆ ನಡೆದು, ಮುದುಡಿದ ಎಲೆಯೊಂದನ್ನು ಅವರ ಕೈಗಿತ್ತು, ಅದು ಮೇಲಕ್ಕೆ ಮಡಿಚಿದೆಯೋ ಕೆಳಕ್ಕೆ ಮಡಿಚಿದೆಯೋ ಎಂದು ಕೇಳಿರಿ. ಔಷಧಿಯ ಅಂಗಡಿಗೆ ಹೋಗುವ ಮೊದಲು ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿದರೆ, ಆ ಮನೆಯ ಒಂದು ಸಿಂಪರಣೆಯ ವೆಚ್ಚವಾದರೂ ಉಳಿದೀತು.