ಹಕ್ಕು ಬಿಡುಗಡೆಗೆ ಸಹಿ ಹಾಕುವ ಮೊದಲು

ಮಕ್ಕಳೇ, ವಿಚ್ಛೇದನವಾದರೆ ಗಂಡನ ಆಸ್ತಿಯಲ್ಲಿ ಅರ್ಧ ಹೆಂಡತಿಗೆ ಬರುತ್ತದೆ ಎಂದು ನಿಮ್ಮಲ್ಲಿ ಅನೇಕರು ನಂಬಿದ್ದೀರಿ. ಬರುವುದಿಲ್ಲ. ಗೋವಾದ ಕಾನೂನು ಬೇರೆ, ಅದು ನಮಗಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 27ನೇ ಕಲಂ ಮದುವೆಯ ಹೊತ್ತಿನಲ್ಲಿ ಬಂದ, ಇಬ್ಬರಿಗೂ ಸೇರಿದ ಸೊತ್ತಿನ ಬಗ್ಗೆ ಮಾತ್ರ ಹೇಳುತ್ತದೆ. 25ನೇ ಕಲಮಿನಡಿ ಜೀವನಾಂಶ ಸಿಗಬಹುದು, ಅದು ಪಾಲಲ್ಲ. ಮಿಕ್ಕದ್ದಕ್ಕೆಲ್ಲ ಕೋರ್ಟು ಕೇಳುವುದು ಯಾರ ಹೆಸರು, ಯಾರ ಹಣ, ದಾಖಲೆ ಎಲ್ಲಿ ಎಂದು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಬಂಟರು, ಬಿಲ್ಲವರು, ಜೈನರಲ್ಲಿ ಅಳಿಯಕಟ್ಟು, ಅಂದರೆ ತಾಯಿಯ ಕಡೆಯಿಂದ ಆಸ್ತಿ ಸಾಗುವ ಅಳಿಯಸಂತಾನ ಪದ್ಧತಿ, ಇದ್ದ ಕಾಲದಲ್ಲಿ ಮದುವೆಯಾದ ಹೆಣ್ಣು ತಾಯಿಯ ಕುಟುಂಬದವಳಾಗಿಯೇ ಉಳಿಯುತ್ತಿದ್ದಳು. ಸಂಬಂಧ ಮುರಿದರೂ ಅವಳಿಗೆ ತನ್ನದೇ ಮನೆ ಇತ್ತು. ಆ ಕಾಲವನ್ನು ನಾನು ಹೊಗಳುತ್ತಿಲ್ಲ. ಆಡಳಿತ ಯಜಮಾನನ ಕೈಯಲ್ಲಿತ್ತು, 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬರುವ ತನಕ ಪಾಲು ಬೇಕೆಂದು ಹಠ ಹಿಡಿಯುವ ಹಕ್ಕೂ ಇರಲಿಲ್ಲ. 1956ರ ಉತ್ತರಾಧಿಕಾರ ಕಾಯ್ದೆಯ ನಂತರ ದಾರಿ ಬದಲಾಯಿತು. ಈಗ ಮಗಳಿಗೂ ಮಗನಷ್ಟೇ ಹಕ್ಕು. ಆದರೆ ಮದುವೆಯ ಖರ್ಚು ತೋರಿಸಿ, ಅಣ್ಣತಮ್ಮಂದಿರು ಚಂದಕ್ಕೆ ಮಾತಾಡಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಅಲ್ಲಿಗೆ ತವರಿನ ಜಾಗ ಹೋಯಿತು, ಗಂಡನ ಜಾಗ ಮೊದಲೇ ಅವಳದಲ್ಲ.

ಇನ್ನು ಮನೆ ಕಟ್ಟುವ ವಿಷಯ. ಗಂಡ ದುಬೈಯಲ್ಲೋ ಮುಂಬೈಯಲ್ಲೋ ಇರುತ್ತಾನೆ. ಅತ್ತೆಯ ಹೆಸರಿನ ಜಾಗದಲ್ಲಿ ಕೆಲಸ ಶುರುವಾಗುತ್ತದೆ. ಪಂಚಾಂಗಕ್ಕೆ ಹೆಂಡತಿಯ ಬಳೆ ಸೊಸೈಟಿಯಲ್ಲಿ ಅಡವು, ತಾರಸಿಗೆ ಕರಿಮಣಿ ಬಿಟ್ಟು ಉಳಿದ ಸರ. ಅಡವಿನ ಚೀಟಿ ಗಂಡನ ಹೆಸರಿನಲ್ಲಿ, ಆರ್‌ಟಿಸಿ ಅತ್ತೆಯ ಹೆಸರಿನಲ್ಲಿ. ಅವಳ ಹೆಸರು ಗೃಹಪ್ರವೇಶದ ಕಾಗದದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಹತ್ತು ವರ್ಷದ ಮೇಲೆ ಆ ಬಳೆಯನ್ನು ಕೋರ್ಟಿನಲ್ಲಿ ಹೇಗೆ ತೋರಿಸುತ್ತೀರಿ, ಮಗಳೇ?

ಗಂಡುಮಕ್ಕಳೇ, ನೀವೂ ಕೇಳಿ. ಹೆಂಡತಿಯ ಚಿನ್ನ ಅವಳದ್ದೇ. ಸುಪ್ರೀಂ ಕೋರ್ಟ್ 1985ರಲ್ಲೇ ಇದನ್ನು ಸ್ಪಷ್ಟ ಮಾಡಿದೆ. ಕೇರಳದ ಒಬ್ಬ ಹೆಣ್ಣುಮಗಳು 2003ರಲ್ಲಿ ಮದುವೆಯಾದಾಗ ತಂದದ್ದು 89 ಪವನ್. ಜೋಪಾನ ಮಾಡುವ ನೆಪದಲ್ಲಿ ಗಂಡ ಮೊದಲ ರಾತ್ರಿಯೇ ಅದನ್ನು ತೆಗೆದು ತನ್ನ ತಾಯಿಯ ಕೈಗಿತ್ತನೆಂಬುದು ಅವಳ ದೂರು. ಕುಟುಂಬ ನ್ಯಾಯಾಲಯದಲ್ಲಿ ಗೆದ್ದಳು, ಹೈಕೋರ್ಟಿನಲ್ಲಿ ಸೋತಳು. 2024ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ 25 ಲಕ್ಷ ರೂಪಾಯಿ ಕೊಡಿಸಿತು. ತನ್ನ ಚಿನ್ನಕ್ಕಾಗಿ ಅವಳ ಯೌವನವೇ ಕಳೆದುಹೋಯಿತು. ಬಂಟ್ವಾಳದ ನನ್ನ ಮುಸ್ಲಿಂ ಹೆಣ್ಣುಮಕ್ಕಳಿಗೂ ಹೇಳುತ್ತೇನೆ: ವಿಚ್ಛೇದನವಾದರೆ ಮದುವೆಯಲ್ಲಿ ಕೊಟ್ಟ ಸೊತ್ತನ್ನು ಮರಳಿ ಪಡೆಯುವ ಹಕ್ಕು 1986ರ ಮುಸ್ಲಿಂ ಮಹಿಳೆಯರ ಕಾಯ್ದೆಯಲ್ಲಿದೆ.

ಮದ್ರಾಸ್ ಹೈಕೋರ್ಟ್ 2023ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಗಂಡ ಸೌದಿಯಲ್ಲಿ ದುಡಿದ, ಹೆಂಡತಿ ಊರಲ್ಲಿ ಸಂಸಾರ ನಡೆಸಿದಳು. ಆ ದುಡಿಮೆಯಿಂದ ಕೊಂಡ ಆಸ್ತಿಯಲ್ಲಿ ಅವಳಿಗೂ ಸಮಪಾಲು ಎಂದಿತು. ನ್ಯಾಯವಾದ ಮಾತು. ಆದರೆ ಆ ತೀರ್ಪು ನಮ್ಮ ರಾಜ್ಯದ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ. ಅದನ್ನೇ ನಂಬಿ ಕೂರಬೇಡಿ.

ಮದುವೆಯ ವಾರವೇ ಚಿನ್ನದ ಬಿಲ್ಲು, ಫೋಟೋ, ಪಟ್ಟಿ ಒಂದೆಡೆ ಇಡಿ. ಮನೆಗೆ ಹಣ ಹಾಕುವುದಾದರೆ ಬ್ಯಾಂಕಿನ ಮೂಲಕವೇ ಹಾಕಿ, ಜಾಗ ಜಂಟಿ ಹೆಸರಿಗೆ ಆಗಲಿ. ಇದನ್ನು ಗಂಡನೇ ಮೊದಲು ಹೇಳಿದರೆ ಸಂಶಯಕ್ಕೆ ಎಡೆಯೇ ಇರುವುದಿಲ್ಲ. ತವರಿನಿಂದ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆ ಬಂದರೆ ಕರಡು ಪ್ರತಿಯನ್ನು ಮೊದಲು ಕೇಳಿ ತನ್ನಿ, ನಿಮ್ಮದೇ ವಕೀಲರಿಗೆ ತೋರಿಸಿ. ಅಣ್ಣನಿಗೆ ಬೇಸರವಾದರೆ ಆಗಲಿ, ನಾಲ್ಕು ದಿನ ಬಿಟ್ಟು ಮಾತಾಡಿಸಿ.