ಯುದ್ಧದ ಸುದ್ದಿಯೂ ಸಾಕ್ಷ್ಯವೂ

ಅರಸೀಕೆರೆ ಜಂಕ್ಷನ್ನಿನಲ್ಲಿ ಪತ್ರಿಕೆ ಕೊಂಡು ಯುದ್ಧವಾರ್ತೆ ಓದುವಾಗ, ಅದನ್ನು ಕಂಡು ಹೇಳಿದವರಾರೆಂದು ವಿಚಾರಿಸುತ್ತೀರಾ?

1991ರ ಕೊಲ್ಲಿ ಯುದ್ಧದಲ್ಲಿ ಟಿ.ವಿ.ಯು ಗುರಿ ತಪ್ಪದ ಬಾಂಬುಗಳನ್ನು ಹೊಗಳಿತು. ಫೆಬ್ರವರಿ 13ರಂದು ಅಂತಹ ಎರಡು ಬಾಂಬುಗಳೇ ಬಗ್ದಾದಿನ ಅಮಿರಿಯಾ ಆಶ್ರಯತಾಣದಲ್ಲಿ 400ಕ್ಕೂ ಹೆಚ್ಚು ನಾಗರಿಕರನ್ನು ಕೊಂದವು. ಆ ಬೆಂಕಿ ಎಂಥದೆಂದು ಬದುಕುಳಿದವರೇ ಹೇಳಬಲ್ಲರು.

ಹಾಗೆಂದು ಪ್ರತ್ಯಕ್ಷದರ್ಶಿಯ ಮಾತೆಲ್ಲ ಸತ್ಯವೇ? 1990ರ ಅಕ್ಟೋಬರಿನಲ್ಲಿ ಕುವೈತಿನ ಬಾಲಕಿಯೊಬ್ಬಳು, ಇರಾಕಿ ಸೈನಿಕರು ಶಿಶುಗಳನ್ನು ಇನ್‌ಕ್ಯುಬೇಟರಿನಿಂದ ತೆಗೆದು ಸಾಯಬಿಟ್ಟರೆಂದು ಅಮೆರಿಕದಲ್ಲಿ ಅತ್ತು ಹೇಳಿದಳು. ಆಕೆ ರಾಯಭಾರಿಯ ಮಗಳೆಂದು 1992ರಲ್ಲಿ ಬಯಲಾಯಿತು. ಕಥೆಗೆ ಆಧಾರ ಸಿಗಲಿಲ್ಲ. ಅಷ್ಟರಲ್ಲಿ ಯುದ್ಧ ಮುಗಿದಿತ್ತು.

ಕರ್ಮಭ್ರಷ್ಟನು ತಂದ ಸುದ್ದಿಯನ್ನು ಪರಿಶೀಲಿಸಬೇಕೆಂದು ಅಲ್ ಹುಜುರಾತ್ ಅಧ್ಯಾಯದ 6ನೆಯ ಸೂಕ್ತ ಆಜ್ಞಾಪಿಸುತ್ತದೆ. ಹದೀಸ್ ವಿದ್ವಾಂಸರು ಮಾತಿನೊಂದಿಗೆ ವರದಿಗಾರನನ್ನೂ ತೂಗಿದರು. ನಾವೂ ತೂಗೋಣ, ನಮಗೆ ಹಿತವಾದ ಸುದ್ದಿಯನ್ನೇ ಮೊದಲು. ಅಲ್ಲಾಹನು ಅನುಗ್ರಹಿಸಲಿ.